ಹೊಸದಾಗಿ ಥೆರಪಿಗೆ ಬಂದವರ ಜೊತೆ ಮೊದಲ ಮಾತುಕತೆ: ಕಲಿಯುತ್ತಿರುವವರಿಗೊಂದು ಮಾರ್ಗದರ್ಶಿ

ಥೆರಪಿಗೆ ಬಂದವರ ಜೊತೆ ನಡೆಯುವ ಮೊದಲ ಸಂದರ್ಶನಕ್ಕೆ ಇನ್‌ಟೇಕ್ ಅನ್ನುತ್ತಾರೆ. ತರಬೇತಿಗೆ ಸೇರಿದವರ ಕೈಗೆ ಇದಕ್ಕಾಗಿ ಒಂದು ಉದ್ದನೆಯ ಫಾರಂ ಬರುತ್ತದೆ. ತೊಂದರೆ ಏನು, ಯಾವಾಗಿನಿಂದ, ಹಿಂದಿನ ಚಿಕಿತ್ಸೆ, ಔಷಧಿ, ಕುಡಿತ, ಮನೆಯವರು, ಬಾಲ್ಯ, ಓದು, ಕೆಲಸ, ಮದುವೆ. ಒಂದೇ ಭೇಟಿಯಲ್ಲಿ ಇಷ್ಟನ್ನೂ ತುಂಬಿಬಿಡಬೇಕು ಅಂತ ಹೊರಟರೆ ಎದುರಿಗೆ ಕೂತವರ ಮುಖ ನೋಡುವುದಕ್ಕೂ ಪುರುಸೊತ್ತು ಸಿಗುವುದಿಲ್ಲ.

ಹಾಗಾಗಿ ಫಾರಂ ಪಕ್ಕಕ್ಕಿಟ್ಟು ಮೂರು ಪ್ರಶ್ನೆ ನೆನಪಿಟ್ಟುಕೊಳ್ಳಿ. ಇವರು ಇವತ್ತು ರಾತ್ರಿ ಸುರಕ್ಷಿತವಾಗಿ ಇರುತ್ತಾರಾ? ಇವರಿಗೆ ಬೇಕಾದ ಸಹಾಯ ನಾನಿರುವ ಜಾಗದಲ್ಲಿ ಸಿಗುತ್ತದಾ? ಇವರು ಮತ್ತೆ ಬರುತ್ತಾರಾ? ಮೊದಲ ಭೇಟಿ ಮುಗಿಯುವಾಗ ಈ ಮೂರಕ್ಕೆ ಉತ್ತರ ಇರಬೇಕು. ಉಳಿದದ್ದು ಎರಡನೇ, ಮೂರನೇ ಭೇಟಿಗೆ ಕಾಯಬಹುದು. ಫಾರಂ ಅರ್ಧ ಖಾಲಿ ಇದ್ದರೂ ಪರವಾಗಿಲ್ಲ, ಮೇಲ್ವಿಚಾರಕರು ಒಂದು ಮಾತು ಅನ್ನಬಹುದು ಅಷ್ಟೇ.

ಮೂರನೇ ಪ್ರಶ್ನೆ ಯಾಕೆ ಅಂದರೆ, ಬಿಟ್ಟು ಹೋಗುವವರು ಕಡಿಮೆ ಏನಿಲ್ಲ. ಸ್ವಿಫ್ಟ್ ಮತ್ತು ಗ್ರೀನ್‌ಬರ್ಗ್ ಅನ್ನುವ ಸಂಶೋಧಕರು 2012ರಲ್ಲಿ 669 ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದರು. ಸುಮಾರು ಐವರಲ್ಲಿ ಒಬ್ಬರು ಥೆರಪಿಯನ್ನು ಅರ್ಧಕ್ಕೇ ಬಿಟ್ಟಿದ್ದರು. ಮೊದಲ ಭೇಟಿಯಲ್ಲಿ ಎಷ್ಟೇ ಚೆನ್ನಾಗಿ ಮಾಹಿತಿ ಕಲೆಹಾಕಿದರೂ ಆ ವ್ಯಕ್ತಿ ಮತ್ತೆ ಬರದಿದ್ದರೆ ಅದರಿಂದ ಅವರಿಗೆ ಏನು ಸಿಕ್ಕಿತು?

ಅವರು ಬರುವ ಮೊದಲು

ಯಾರಾದರೂ ಕಳಿಸಿದ ಪತ್ರ ಇದ್ದರೆ ಓದಿ. ಆದರೆ ಅದರಲ್ಲಿರುವ ರೋಗದ ಹೆಸರನ್ನು ಪೂರ್ತಿ ನಂಬಬೇಡಿ. ಕಾಯುವ ಕೋಣೆಯಲ್ಲಿ ತುಂಬಲು ಪ್ರಶ್ನಾವಳಿ ಕೊಡುವ ಪದ್ಧತಿ ಇದ್ದರೆ ಅದನ್ನು ಮಾತು ಶುರುವಾಗುವ ಮುಂಚೆಯೇ ನೋಡಿ. ಖಿನ್ನತೆ ಎಷ್ಟಿದೆ ಅಂತ ನೋಡಲು ಬಳಸುವ ಪಿಎಚ್‌ಕ್ಯೂ-9 ಅನ್ನುವ ಪ್ರಶ್ನಾವಳಿಯಲ್ಲಿ 9 ಪ್ರಶ್ನೆ. ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 27. ಅದರ ಒಂಬತ್ತನೇ ಪ್ರಶ್ನೆ ಸತ್ತರೆ ಒಳ್ಳೆಯದು ಅನ್ನಿಸುವ, ತನಗೇ ನೋವು ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅಲ್ಲಿ ಸೊನ್ನೆ ಬಿಟ್ಟು ಬೇರೆ ಏನೇ ಗುರುತಾಗಿದ್ದರೂ ಆ ದಿನವೇ, ಆ ಭೇಟಿಯಲ್ಲೇ ಅದರ ಬಗ್ಗೆ ಮಾತಾಡಬೇಕು. ಕಾಗದ ಫೈಲಿಗೆ ಸೇರಿ, ನಾಲ್ಕು ದಿನದ ಮೇಲೆ ಯಾರೋ ನೋಡುವ ಹಾಗೆ ಆಗಬಾರದು.

ಇನ್ನೊಂದು ಸಿದ್ಧತೆ ಇದೆ, ಹೊಸಬರು ಇದನ್ನೇ ಮರೆಯುತ್ತಾರೆ. ತುರ್ತು ಬಂದರೆ ಯಾರಿಗೆ ಫೋನ್ ಮಾಡಬೇಕು? ಆ ಹೊತ್ತಿನಲ್ಲಿ ಹಿರಿಯರು ಯಾರು ಸಿಗುತ್ತಾರೆ? ಹತ್ತಿರದ ತುರ್ತು ಚಿಕಿತ್ಸೆ ಎಲ್ಲಿ? ಇದು ಮೊದಲೇ ಗೊತ್ತಿದ್ದರೆ ಕಷ್ಟದ ಪ್ರಶ್ನೆ ಕೇಳುವ ಧೈರ್ಯ ತಾನಾಗಿ ಬರುತ್ತದೆ. ಗೊತ್ತಿಲ್ಲದಿದ್ದರೆ 'ಹೌದು' ಅಂದುಬಿಟ್ಟರೆ ಏನು ಮಾಡಲಿ ಅನ್ನುವ ಭಯಕ್ಕೇ ಪ್ರಶ್ನೆಯನ್ನು ಮೆತ್ತಗೆ ಮಾಡಿಬಿಡುತ್ತೀರಿ.

ಕೋಣೆಯ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕುರ್ಚಿಗಳು ನೇರ ಎದುರುಬದುರು ಬೇಡ, ಸ್ವಲ್ಪ ಓರೆಯಾಗಿರಲಿ. ಗಡಿಯಾರ ನಿಮ್ಮ ಕಣ್ಣಿಗೆ ಬೀಳುವ ಕಡೆ ಇರಲಿ, ಕೈಗಡಿಯಾರ ನೋಡುವುದು ತಪ್ಪುತ್ತದೆ. ಒಳಗಿನ ಮಾತು ಹೊರಗೆ ಕೇಳಬಾರದು.

ಮೊದಲ ಐದು ನಿಮಿಷ

ಬಂದವರಿಗೆ ಇಲ್ಲಿ ಏನು ನಡೆಯುತ್ತದೆ ಅಂತ ಗೊತ್ತಿರುವುದಿಲ್ಲ. ಅದನ್ನು ನೀವೇ ಹೇಳಬೇಕು. ಹೀಗೆ ಹೇಳಬಹುದು:

"ನಾನು ಇಲ್ಲಿ ತರಬೇತಿಯಲ್ಲಿರುವ ಥೆರಪಿಸ್ಟ್. ನನ್ನ ಕೆಲಸವನ್ನು ಹಿರಿಯರೊಬ್ಬರು ನೋಡಿಕೊಳ್ಳುತ್ತಾರೆ. ಇವತ್ತು ನಮಗೆ 50 ನಿಮಿಷ ಇದೆ. ಮೊದಲು ನೀವು ಹೇಳುವುದನ್ನು ಕೇಳುತ್ತೇನೆ, ಆಮೇಲೆ ಕೆಲವು ಪ್ರಶ್ನೆ ಕೇಳುತ್ತೇನೆ. ಕೊನೆಯ ಹತ್ತು ನಿಮಿಷ ಮುಂದೇನು ಅಂತ ಇಬ್ಬರೂ ಮಾತಾಡೋಣ. ಯಾವುದಾದರೂ ಪ್ರಶ್ನೆಗೆ ಉತ್ತರ ಕೊಡಲು ಇಷ್ಟ ಇಲ್ಲದಿದ್ದರೆ 'ಈಗ ಬೇಡ' ಅನ್ನಿ, ಸಾಕು."

ತರಬೇತಿಯಲ್ಲಿದ್ದೀರಿ ಅನ್ನುವುದನ್ನು ಮುಚ್ಚಿಡಬೇಡಿ. ನಾಚಿಕೆಯ ವಿಷಯ ಅದಲ್ಲ. ಆಮೇಲೆ ಬೇರೆಯವರಿಂದ ಗೊತ್ತಾದರೆ ಮಾತ್ರ ನಂಬಿಕೆ ಹೋಗುತ್ತದೆ.

ಇದಾದ ಮೇಲೆ ಗೋಪ್ಯತೆ. ಇದನ್ನು ಅವರ ಕಥೆ ಶುರುವಾಗುವ ಮುಂಚೆಯೇ ಹೇಳಬೇಕು. ಹೇಳಬಾರದಾಗಿದ್ದನ್ನು ಹೇಳಿಬಿಟ್ಟ ಮೇಲೆ 'ಇದನ್ನು ನಾನು ಮೇಲಿನವರಿಗೆ ತಿಳಿಸಬೇಕು' ಅಂದರೆ ಅದು ಮೋಸದ ಹಾಗೇ ಅನ್ನಿಸುತ್ತದೆ. "ನೀವು ಹೇಳಿದ್ದು ನಮ್ಮಲ್ಲೇ ಇರುತ್ತದೆ. ಕೆಲವು ಸಂದರ್ಭ ಮಾತ್ರ ಬೇರೆ. ನಿಮ್ಮ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಇದ್ದರೆ, ಮಗುವಿಗೆ ಯಾರಾದರೂ ಹಿಂಸೆ ಕೊಡುತ್ತಿದ್ದರೆ, ಕೋರ್ಟು ಕೇಳಿದರೆ ನಾನು ಹೇಳಬೇಕಾಗಬಹುದು. ಆಗಲೂ ಆದಷ್ಟು ನಿಮಗೆ ತಿಳಿಸಿಯೇ ಮಾಡುತ್ತೇನೆ." ಕಾನೂನು ದೇಶದಿಂದ ದೇಶಕ್ಕೆ ಬೇರೆ ಇರುತ್ತದೆ. ನಿಮ್ಮಲ್ಲಿ ಏನಿದೆ ಅಂತ ತಿಳಿದುಕೊಂಡು ಆ ಪ್ರಕಾರ ಹೇಳಿ. ಮಾತು ರೆಕಾರ್ಡ್ ಆಗುವುದಾದರೆ, ಟಿಪ್ಪಣಿ ಬರೆದುಕೊಳ್ಳುವುದಾದರೆ ಅದನ್ನೂ ಈಗಲೇ ಕೇಳಿ.

ಯಾಕೆ ಬಂದಿರಿ, ಅದೂ ಈಗ?

ಈಗ ಒಂದು ದೊಡ್ಡ, ತೆರೆದ ಪ್ರಶ್ನೆ. "ಇಲ್ಲಿಗೆ ಬರಬೇಕು ಅನ್ನಿಸುವಂಥದ್ದು ಏನಾಯಿತು?" ಕೇಳಿ ಸುಮ್ನೆ ಕೂತುಬಿಡಿ. ಕನಿಷ್ಠ ಮೂರು-ನಾಲ್ಕು ನಿಮಿಷ ಅಡ್ಡ ಬರಬೇಡಿ. ಹೊಸಬರಿಗೆ ಇದೇ ಅತಿ ಕಷ್ಟ. ಮೌನ ಹತ್ತು ಸೆಕೆಂಡ್ ಆದರೆ ಹತ್ತು ನಿಮಿಷ ಆದ ಹಾಗೆ ಅನ್ನಿಸಿ ಮುಂದಿನ ಪ್ರಶ್ನೆಗೆ ಹಾರಿಬಿಡುತ್ತಾರೆ. ಆದರೆ ಎದುರಿಗಿದ್ದವರು ಆ ಹತ್ತು ಸೆಕೆಂಡಿನಲ್ಲಿ ಹೇಳಲೋ ಬೇಡವೋ ಅಂತ ತೂಗಿ ನೋಡುತ್ತಿರುತ್ತಾರೆ.

ಅವರ ಮೊದಲ ಸುತ್ತು ಮುಗಿದ ಮೇಲೆ ಕೇಳಬೇಕಾದದ್ದು 'ಈಗ ಯಾಕೆ'. ನಿದ್ದೆ ಬರದೆ ಎರಡು ವರ್ಷ ಆಯಿತು ಅನ್ನುತ್ತಾರೆ. ಹಾಗಿದ್ದರೆ ಹೋದ ತಿಂಗಳು ಫೋನ್ ಮಾಡಿ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದು ಯಾಕೆ? ನಿಜವಾದ ನೋವು ಎಷ್ಟೋ ಸಲ ಈ ಉತ್ತರದಲ್ಲಿ ಇರುತ್ತದೆ. ಕೆಲಸ ಹೋಗುವ ಹಾಗಿದೆ, ಹೆಂಡತಿ ಬಿಟ್ಟು ಹೋಗುತ್ತೇನೆ ಅಂದಳು, ಮಗಳು 'ಅಪ್ಪ ಯಾವಾಗಲೂ ಸಿಟ್ಟಲ್ಲೇ ಇರ್ತಾರೆ' ಅಂದಳು, ಇಂಥದ್ದೇನೋ.

ತಾವಾಗಿ ಬಂದರೋ, ಯಾರಾದರೂ ಕಳಿಸಿದ್ದೋ ಅಂತಲೂ ತಿಳಿಯಿರಿ. ಒತ್ತಾಯಕ್ಕೆ ಬಂದವರಿಗೆ ತೊಂದರೆ ಏನು ಅಂತ ಕೇಳಿದರೆ 'ಏನಿಲ್ಲ' ಅನ್ನುತ್ತಾರೆ. ಅಲ್ಲಿ ಪ್ರಶ್ನೆ ತಿರುಗಿಸಿ: "ನೀವು ಇಲ್ಲಿಗೆ ಬರಲೇಬೇಕು ಅಂತ ಅವರಿಗೆ ಯಾಕೆ ಅನ್ನಿಸಿರಬಹುದು? ಅದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು?" ಮನೆಯವರು ಜೊತೆಗೆ ಬಂದಿದ್ದರೆ ಅವರ ಮಾತು ಕೇಳಬಹುದು. ಆದರೆ ಬಂದವರ ಜೊತೆ ಒಂಟಿಯಾಗಿ ಮಾತಾಡುವ ಸಮಯ ಇರಲೇಬೇಕು. ಮನೆಯಲ್ಲಿ ಹೊಡೆತ-ಬಡಿತ ಇದೆಯಾ ಅನ್ನುವ ಪ್ರಶ್ನೆಯನ್ನಂತೂ ಒಂಟಿಯಾಗಿದ್ದಾಗ ಬಿಟ್ಟು ಇನ್ಯಾವಾಗಲೂ ಕೇಳಬಾರದು. ಹೊಡೆಯುವವರೇ ಪಕ್ಕದಲ್ಲಿ ಕೂತಿರಬಹುದು.

ದೊಡ್ಡ ಪ್ರಶ್ನೆಯಿಂದ ಸಣ್ಣದಕ್ಕೆ ಇಳಿಯುವುದು ಹೇಗೆ? ಒಂದು ದಿನವನ್ನು ಹಿಡಿಯಿರಿ. 'ನನಗೆ ತುಂಬಾ ಆತಂಕ' ಅನ್ನುವ ಮಾತಿನಿಂದ ಏನೂ ತಿಳಿಯುವುದಿಲ್ಲ. "ಕಳೆದ ವಾರ ಇದು ಜೋರಾಗಿ ಬಂದಿದ್ದು ಯಾವತ್ತು? ಆ ಹೊತ್ತು ಎಲ್ಲಿದ್ದಿರಿ? ಮೈಯಲ್ಲಿ ಏನಾಯಿತು? ತಲೆಯಲ್ಲಿ ಏನು ಓಡಿತು? ಆಮೇಲೆ ಏನು ಮಾಡಿದಿರಿ?" ಹೀಗೆ ಒಂದು ಘಟನೆ ಬಿಡಿಸಿದರೆ ಯಾವಾಗ ಶುರು, ಎಷ್ಟು ಹೊತ್ತು, ಯಾವುದರಿಂದ ಜಾಸ್ತಿ, ಯಾವುದರಿಂದ ಕಡಿಮೆ ಎಲ್ಲ ಒಟ್ಟಿಗೆ ಬರುತ್ತದೆ. ಜೊತೆಗೆ ನಿದ್ದೆ, ಊಟ, ಕೆಲಸ, ಮನೆಯವರ ಜೊತೆಗಿನ ಮಾತು ಹೇಗಿದೆ ಅಂತ ಕೇಳಿ.

ಮಾತು ನಿಲ್ಲಿಸದವರೂ ಸಿಗುತ್ತಾರೆ. ಅವರನ್ನು ತಡೆಯುವುದು ಅಗೌರವ ಅಲ್ಲ. "ಒಂದು ನಿಮಿಷ ತಡೆಯುತ್ತೇನೆ, ನೀವು ಹೇಳುತ್ತಿರುವುದು ಮುಖ್ಯ. ಆದರೆ ಇವತ್ತು ಇನ್ನೂ ಎರಡು ವಿಷಯ ಕೇಳದೆ ನಿಮ್ಮನ್ನು ಕಳಿಸುವ ಹಾಗಿಲ್ಲ." ಇಷ್ಟು ಸಾಕು. ಅಳು ಬಂದವರಿಗೆ ಅಳಲು ಬಿಡಿ. ಟಿಶ್ಯೂ ಕೈಗೆ ತುರುಕುವ ಅವಸರ ಬೇಡ, ಕೈಗೆಟಕುವ ಕಡೆ ಇದ್ದರೆ ಸಾಕು.

ಹಿಂದಿನದು ಕೇಳುವಾಗ

ಇಲ್ಲಿ ನೇರ ಪ್ರಶ್ನೆಗಳು ನಡೆಯುತ್ತವೆ. "ಈಗ ಎಲ್ಲರಿಗೂ ಕೇಳುವ ಕೆಲವು ಪ್ರಶ್ನೆ ಇದೆ" ಅಂತ ಒಂದು ಮಾತು ಹೇಳಿ ಶುರು ಮಾಡಿ.

ಮೊದಲು ಹಿಂದಿನ ಚಿಕಿತ್ಸೆ. ಯಾವುದು ಕೆಲಸ ಮಾಡಿತು, ಯಾವುದು ಮಾಡಲಿಲ್ಲ, ಯಾಕೆ ಬಿಟ್ಟಿರಿ. ಬಿಟ್ಟ ಕಾರಣ ಬಹಳ ಉಪಯೋಗಕ್ಕೆ ಬರುತ್ತದೆ. ಹಿಂದಿನ ಥೆರಪಿಸ್ಟ್ ಬರೀ ತಲೆ ಆಡಿಸುತ್ತಿದ್ದರು ಅಂದರೆ ನಿಮ್ಮಿಂದ ಏನು ಬೇಕು ಅಂತ ಅವರು ಹೇಳಿಯೇಬಿಟ್ಟರು.

ಖಿನ್ನತೆ ಅಂತ ಬಂದವರಿಗೆಲ್ಲ ಇದಕ್ಕೆ ಉಲ್ಟಾ ಕಾಲವೂ ಇತ್ತಾ ಅಂತ ಕೇಳಲೇಬೇಕು. "ಸತತವಾಗಿ ಕೆಲವು ದಿನ ನಿದ್ದೆಯೇ ಬೇಡ ಅನ್ನಿಸಿ, ಮೈಯಲ್ಲಿ ವಿಪರೀತ ಚೈತನ್ಯ, ಮಾತು ಜೋರು, ಖರ್ಚಿಗೆ ಲೆಕ್ಕ ಇಲ್ಲ, ಈ ಥರ ಯಾವತ್ತಾದರೂ ಆಗಿತ್ತಾ?" ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ವಿಪರೀತ ಏರಿ ಒಮ್ಮೆ ಕುಗ್ಗುವ ಕಾಯಿಲೆ, ಇರುವವರು ಸಹಾಯ ಕೇಳಿ ಬರುವುದು ಜಾಸ್ತಿ ಕುಗ್ಗಿದ ಕಾಲದಲ್ಲೇ. ಚೆನ್ನಾಗಿದ್ದ ಕಾಲವನ್ನು ಕಾಯಿಲೆ ಅಂತ ಯಾರು ಹೇಳಿಕೊಳ್ಳುತ್ತಾರೆ, ಅಲ್ವಾ? ಇದು ತಪ್ಪಿಹೋದರೆ ಔಷಧಿಯ ದಾರಿಯೂ ತಪ್ಪುತ್ತದೆ.

ದೇಹವನ್ನು ಮರೆಯಬೇಡಿ. ಥೈರಾಯ್ಡ್ ತೊಂದರೆ, ರಕ್ತಹೀನತೆ, ಬಿ12 ಕೊರತೆ, ಸ್ಟೀರಾಯ್ಡ್‌ನಂಥ ಔಷಧಿ ಇವೆಲ್ಲ ಮನಸ್ಸಿನ ತೊಂದರೆಯ ವೇಷದಲ್ಲಿ ಬರಬಹುದು. ಕೊನೆಯ ಸಲ ಡಾಕ್ಟರಿಗೆ ತೋರಿಸಿದ್ದು ಯಾವಾಗ, ಈಗ ಏನೇನು ಗುಳಿಗೆ ನಡೆಯುತ್ತಿದೆ ಅಂತ ಕೇಳಿ.

ಕುಡಿತದ ಪ್ರಶ್ನೆ 'ನೀವು ಕುಡಿಯುವುದಿಲ್ಲ ತಾನೇ' ಅಂತ ಬರಬಾರದು. ಇಲ್ಲ ಅನ್ನುವ ಉತ್ತರವನ್ನು ನೀವೇ ಅವರ ಬಾಯಿಗಿಟ್ಟ ಹಾಗೆ. "ವಾರಕ್ಕೆ ಎಷ್ಟು ದಿನ ಕುಡಿಯುತ್ತೀರಿ? ಕುಡಿದ ದಿನ ಎಷ್ಟು?" ಅಂತ ಕೇಳಿ. ಕುಡಿಯದವರು ಇಲ್ಲ ಅಂತ ತಾವೇ ಹೇಳುತ್ತಾರೆ. ದಿನಾ ಜಾಸ್ತಿ ಕುಡಿಯುವವರಿಗೆ 'ನಾಳೆಯಿಂದ ನಿಲ್ಲಿಸಿ' ಅನ್ನುವ ಸಲಹೆ ಮಾತ್ರ ಕೊಡಬೇಡಿ. ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ ಆಗಬಹುದು. ಅದು ಡಾಕ್ಟರ ನಿಗಾದಲ್ಲಿ ಆಗಬೇಕಾದ ಕೆಲಸ. ಔಷಧಿ ಅಂಗಡಿಯಿಂದ ತಾವೇ ತಂದು ನುಂಗುವ ನಿದ್ದೆ ಗುಳಿಗೆಯ ಬಗ್ಗೆಯೂ ಕೇಳಿ, ಅದನ್ನು ಯಾರೂ 'ಚಟ' ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಕುಟುಂಬ, ಬಾಲ್ಯ, ಓದು, ಕೆಲಸ ಇವನ್ನು ಮೊದಲ ದಿನ ಮೇಲುಮೇಲಕ್ಕೆ ಕೇಳಿದರೆ ಸಾಕು. ಮನೆಯಲ್ಲಿ ಯಾರಾದರೂ ಇಂಥ ತೊಂದರೆ ಅನುಭವಿಸಿದ್ದರಾ, ಯಾರಾದರೂ ಆತ್ಮಹತ್ಯೆ ಮಾಡಿಕೊಂಡಿದ್ದರಾ ಅನ್ನುವ ಎರಡು ಪ್ರಶ್ನೆ ಮಾತ್ರ ಬಿಡಬೇಡಿ.

ಹಳೆಯ ಗಾಯಗಳ ವಿಷಯದಲ್ಲಿ ನಿಧಾನ ಇರಲಿ. ಲೈಂಗಿಕ ದೌರ್ಜನ್ಯ, ಅಪಘಾತ, ಹಿಂಸೆ ಇವು ನಡೆದಿವೆಯಾ ಅಂತ ಕೇಳುವುದು ಸರಿ. ವಿವರ ಕೆದಕುವುದು ಮೊದಲ ದಿನ ಬೇಡ. "ಈಗ ವಿವರ ಹೇಳಬೇಕಿಲ್ಲ. ಅಂಥದ್ದು ಏನಾದರೂ ಆಗಿದ್ದು, ಅದು ಈಗಲೂ ಕಾಡುತ್ತಿದೆಯಾ ಅಷ್ಟು ಹೇಳಿ." ಅವರಾಗೇ ಪೂರ್ತಿ ಹೇಳಲು ಹೊರಟರೂ ಮೆಲ್ಲಗೆ ತಡೆಯಬೇಕಾಗಬಹುದು. ಎಲ್ಲವನ್ನೂ ಒಂದೇ ಸಲ ಬಿಚ್ಚಿಟ್ಟು ಹೋದವರು ಮನೆಗೆ ಹೋಗಿ ತತ್ತರಿಸಿ, ಆ ಮುಜುಗರಕ್ಕೇ ಮತ್ತೆ ಬರದೆ ಇರುವುದುಂಟು.

ಸಾವಿನ ಯೋಚನೆ: ನೇರವಾಗಿ ಕೇಳಿ

ಎಲ್ಲರಿಗೂ ಕೇಳಿ. ನಗುನಗುತ್ತಾ ಬಂದವರಿಗೂ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಅನ್ನುವ ಭಯ ಬಹಳ ಜನಕ್ಕಿದೆ. 2005ರಲ್ಲಿ ಸಂಶೋಧಕಿ ಮೇಡ್‌ಲಿನ್ ಗೂಲ್ಡ್ ಮತ್ತು ಜೊತೆಯವರು ಹೈಸ್ಕೂಲ್ ಮಕ್ಕಳಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಆತ್ಮಹತ್ಯೆಯ ಬಗ್ಗೆ ಪ್ರಶ್ನೆ ಕೇಳಿಸಿಕೊಂಡ ಮಕ್ಕಳಲ್ಲಿ ಅಂಥ ಯೋಚನೆ ಹೆಚ್ಚಾಗಲಿಲ್ಲ.

'ಅಂಥದ್ದೇನೂ ಯೋಚನೆ ಇಲ್ಲ ತಾನೇ?' 'ಏನೂ ತಪ್ಪು ಹೆಜ್ಜೆ ಇಡಲ್ಲ ಅಲ್ವಾ?' ಇವು ಪ್ರಶ್ನೆಗಳೇ ಅಲ್ಲ. 'ಇಲ್ಲ ಅನ್ನಿ, ನನಗೆ ಭಯ ಆಗ್ತಿದೆ' ಅಂತ ಕೇಳಿಕೊಂಡ ಹಾಗೆ. ಎದುರಿಗಿದ್ದವರಿಗೆ ಅದು ತಕ್ಷಣ ತಿಳಿಯುತ್ತದೆ. ಅವರು ಇಲ್ಲ ಅಂದು ನಿಮ್ಮನ್ನು ಸಮಾಧಾನ ಮಾಡುತ್ತಾರೆ.

ಮೆಟ್ಟಿಲು ಮೆಟ್ಟಿಲಾಗಿ ಹೋಗಿ. "ಇಷ್ಟೆಲ್ಲ ಕಷ್ಟ ಇರುವಾಗ ಬದುಕೇ ಬೇಡ ಅಂತ ಕೆಲವರಿಗೆ ಅನ್ನಿಸುತ್ತದೆ. ನಿಮಗೆ ಅನ್ನಿಸಿದೆಯಾ?" ಹೌದು ಅಂದರೆ: "ನಿಮ್ಮ ಜೀವ ನೀವೇ ತೆಗೆದುಕೊಳ್ಳುವ ಯೋಚನೆ ಬಂದಿದೆಯಾ?" ಬಂದಿದ್ದರೆ: ಎಷ್ಟು ಸಲ, ಕೊನೆಯ ಸಲ ಯಾವಾಗ? ಹೇಗೆ ಅಂತ ಯೋಚಿಸಿದ್ದಿರಾ? ಅದಕ್ಕೆ ಬೇಕಾದದ್ದು ಮನೆಯಲ್ಲಿ ಇದೆಯಾ? ಏನಾದರೂ ತಯಾರಿ ಮಾಡಿಕೊಂಡಿದ್ದಿರಾ? ಹಿಂದೆ ಯಾವತ್ತಾದರೂ ಪ್ರಯತ್ನ ಮಾಡಿದ್ದಿರಾ? ಇಷ್ಟು ದಿನ ನಿಮ್ಮನ್ನು ತಡೆದಿದ್ದು ಏನು? ಮೊದಲ ಪ್ರಶ್ನೆಗೆ ಇಲ್ಲ ಅಂದರೂ ಹಿಂದಿನ ಪ್ರಯತ್ನದ ಪ್ರಶ್ನೆ ಬಿಡಬೇಡಿ. ಮುಂದಿನ ಅಪಾಯಕ್ಕೆ ಅದು ದೊಡ್ಡ ಸೂಚನೆ. ಧ್ವನಿ ಮಾಮೂಲಿನಂತೆ ಇರಲಿ, ನಿದ್ದೆಯ ಬಗ್ಗೆ ಕೇಳಿದ ಧ್ವನಿಯೇ ಸಾಕು. ಕನ್ನಡಿ ಮುಂದೆ ನಿಂತು, ಗೆಳೆಯರನ್ನು ಎದುರಿಗೆ ಕೂರಿಸಿಕೊಂಡು ಈ ವಾಕ್ಯಗಳನ್ನು ಜೋರಾಗಿ ಹೇಳಿ ಅಭ್ಯಾಸ ಮಾಡಿ. ಬಾಯಿಗೆ ರೂಢಿಯಾಗದ ಮಾತು ಬೇಕಾದ ಹೊತ್ತಿಗೆ ಬರುವುದಿಲ್ಲ.

ಉತ್ತರ ಸಿಕ್ಕ ಮೇಲೆ ಅಂಕ ಹಾಕಿ 'ಕಡಿಮೆ ಅಪಾಯ' ಅಂತ ಬರೆದು ಮುಗಿಸುವ ಅಭ್ಯಾಸ ಹಲವು ಕಡೆ ಇದೆ. ಚಿಕಿತ್ಸೆಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ ಇದು ಬೇಡ ಅಂದಿದೆ. ಯಾರು ಮುಂದೆ ಆತ್ಮಹತ್ಯೆಗೆ ಹೋಗುತ್ತಾರೆ ಅಂತ ಇಂಥ ಅಳತೆಗಳಿಂದ ಊಹಿಸಲು ಹೋಗಬೇಡಿ, ಆ ವ್ಯಕ್ತಿಗೆ ಏನು ಬೇಕು, ಅವರನ್ನು ಸುರಕ್ಷಿತವಾಗಿ ಇಡುವುದು ಹೇಗೆ ಅಂತ ನೋಡಿ ಅನ್ನುವುದು ಅದರ ಮಾತು. 'ನಾನು ಏನೂ ಮಾಡಿಕೊಳ್ಳುವುದಿಲ್ಲ' ಅಂತ ಸಹಿ ಹಾಕಿಸಿಕೊಳ್ಳುವುದೂ ದಂಡ. ಅದು ಜೀವ ಉಳಿಸುತ್ತದೆ ಅನ್ನುವುದಕ್ಕೆ ಒಳ್ಳೆಯ ಆಧಾರ ಇಲ್ಲ.

ಅದರ ಬದಲು ಸುರಕ್ಷತಾ ಯೋಜನೆ ಮಾಡಿ. ಸ್ಟ್ಯಾನ್ಲಿ ಮತ್ತು ಬ್ರೌನ್ ರೂಪಿಸಿದ ಕ್ರಮ ಹೆಚ್ಚು ಬಳಕೆಯಲ್ಲಿದೆ, ಅದರಲ್ಲಿ ಆರು ಹಂತ. ಕಷ್ಟದ ಹೊತ್ತು ಬರುತ್ತಿದೆ ಅಂತ ಹೇಗೆ ಗೊತ್ತಾಗುತ್ತದೆ? ಆಗ ಒಬ್ಬರೇ ಏನು ಮಾಡಬಹುದು? ಮನಸ್ಸು ಬೇರೆ ಕಡೆ ತಿರುಗಿಸುವ ಜನ ಯಾರು, ಜಾಗ ಯಾವುದು? ಸಹಾಯ ಕೇಳಬಹುದಾದ ಸ್ವಂತದವರು ಯಾರು? ಯಾವ ಡಾಕ್ಟರು, ಯಾವ ಸಹಾಯವಾಣಿ? ಅಪಾಯದ ವಸ್ತುಗಳನ್ನು ದೂರ ಇಡುವುದು ಹೇಗೆ? ಅವರದೇ ಮಾತಿನಲ್ಲಿ ಬರೆದು ಕೈಗೆ ಕೊಡಿ. ಜೀವ ತೆಗೆದುಕೊಳ್ಳುವ ಯೋಜನೆ, ದಿನ, ಸಾಧನ ಎಲ್ಲ ಸಿದ್ಧ ಇದೆ ಅಂತ ಗೊತ್ತಾದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಮೇಲ್ವಿಚಾರಕರನ್ನು ಆಗಲೇ ಕರೆಯಿರಿ. ಭೇಟಿಯ ಸಮಯ ಮುಗಿದಿದ್ದರೂ, ಹೊರಗೆ ಮುಂದಿನವರು ಕಾಯುತ್ತಿದ್ದರೂ.

ಬೇರೆಯವರಿಗೆ ಏನಾದರೂ ಮಾಡುವ ಯೋಚನೆ ಇದೆಯಾ, ಮನೆಯಲ್ಲಿರುವ ಮಕ್ಕಳು ಹೇಗಿದ್ದಾರೆ ಅನ್ನುವುದನ್ನೂ ಇದೇ ಜಾಗದಲ್ಲಿ ಕೇಳಿಬಿಡಿ.

ಕೇಳದೆಯೇ ತಿಳಿಯುವುದು

ಮಾತಿನ ನಡುವೆಯೇ ಮನಃಸ್ಥಿತಿಯ ಪರೀಕ್ಷೆಯೂ ನಡೆದಿರುತ್ತದೆ. ಬಟ್ಟೆಬರೆ, ಕೂತ ರೀತಿ, ಮಾತಿನ ವೇಗ, ಮುಖಭಾವ, ಯೋಚನೆ ಒಂದಕ್ಕೊಂದು ಕೂಡಿ ಬರುತ್ತಿದೆಯಾ, ಇಲ್ಲದ್ದು ಕೇಳಿಸುತ್ತಿದೆಯಾ, ನೆನಪು ಹೇಗಿದೆ, ತನ್ನ ತೊಂದರೆ ತನಗೆ ಅರ್ಥವಾಗಿದೆಯಾ. ನೋಡಿದ್ದನ್ನು ಬರೆಯಿರಿ, ತೀರ್ಪು ಬರೆಯಬೇಡಿ. 'ಸೋಮಾರಿ ಥರ ಕಂಡರು' ಬೇಡ. 'ಪ್ರಶ್ನೆಗೆ ಉತ್ತರ ತಡವಾಗಿ ಬಂತು, ಧ್ವನಿ ತಗ್ಗಿತ್ತು, ನೆಲ ನೋಡುತ್ತಿದ್ದರು' ಅಂತ ಇರಲಿ. ಒಂದು ದಿನ ಅವರೇ ಆ ಟಿಪ್ಪಣಿ ಓದಬಹುದು.

ಕೊನೆಯ ಹತ್ತು ನಿಮಿಷ

ಈ ಹತ್ತು ನಿಮಿಷವನ್ನು ಯಾವ ಪ್ರಶ್ನೆಗೂ ಬಿಟ್ಟುಕೊಡಬೇಡಿ. ಕೇಳಿದ್ದನ್ನು ನಾಲ್ಕೈದು ವಾಕ್ಯದಲ್ಲಿ ಅವರಿಗೇ ಹೇಳಿ, ಆದಷ್ಟು ಅವರ ಮಾತಿನಲ್ಲೇ. "ನಾನು ಸರಿಯಾಗಿ ಅರ್ಥ ಮಾಡಿಕೊಂಡಿದ್ದೀನಾ? ಏನಾದರೂ ಬಿಟ್ಟುಹೋಯಿತಾ?" ಅವರು ತಿದ್ದಿದರೆ ಖುಷಿಪಡಿ. ತಿದ್ದುವಷ್ಟು ಸಲಿಗೆ ಬಂದಿದೆ ಅಂತ ಅರ್ಥ.

ಆಮೇಲೆ ಗುರಿ. "ಇಲ್ಲಿಗೆ ಬಂದಿದ್ದು ಸಾರ್ಥಕ ಆಯಿತು ಅನ್ನಿಸಬೇಕಾದರೆ ಏನು ಬದಲಾಗಬೇಕು?" ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಥೆರಪಿಯ ಸಂಬಂಧವನ್ನು ಮೂರಾಗಿ ಬಿಡಿಸಿದ್ದರು: ಗುರಿಯ ಬಗ್ಗೆ ಒಪ್ಪಿಗೆ, ಮಾಡುವ ಕೆಲಸದ ಬಗ್ಗೆ ಒಪ್ಪಿಗೆ, ಇಬ್ಬರ ನಡುವಿನ ನಂಟು. ಹೊಸಬರು ಮೂರನೆಯದರ ಮೇಲೇ ಗಮನ ಇಟ್ಟು ಮೊದಲ ಎರಡನ್ನು ಬಿಟ್ಟುಬಿಡುತ್ತಾರೆ. ಬಂದವರು ನಿದ್ದೆ ಬಂದರೆ ಸಾಕು ಅಂತ ಬಂದಿರುತ್ತಾರೆ, ಥೆರಪಿಸ್ಟ್ ಅವರ ಅಪ್ಪನ ಜೊತೆಗಿನ ಸಂಬಂಧ ಬಿಡಿಸಲು ಕೂತಿರುತ್ತಾರೆ.

ಮುಂದಿನದನ್ನು ಸ್ಪಷ್ಟವಾಗಿ ಹೇಳಿ. ಯಾವ ದಿನ, ಯಾರ ಜೊತೆ, ಎಷ್ಟು ಶುಲ್ಕ, ಸುಮಾರು ಎಷ್ಟು ಭೇಟಿ. ಬೇರೆ ಕಡೆ ಕಳಿಸಬೇಕಿದ್ದರೆ ಕಾರಣ ಹೇಳಿ ಕಳಿಸಿ, ಇಲ್ಲದಿದ್ದರೆ ತಮ್ಮನ್ನು ಕೈಬಿಟ್ಟರು ಅಂದುಕೊಳ್ಳುತ್ತಾರೆ. ರೋಗದ ಹೆಸರು ಕೇಳಿದರೆ ಅವಸರ ಬೇಡ. "ಈಗ ಹೀಗೆ ಕಾಣುತ್ತಿದೆ, ಇನ್ನೊಂದೆರಡು ಸಲ ಮಾತಾಡಿ ಖಚಿತವಾಗಿ ಹೇಳುತ್ತೇನೆ" ಅಂದರೆ ತಪ್ಪೇನಿಲ್ಲ.

"ಇವತ್ತಿನ ಮಾತುಕತೆ ಹೇಗನ್ನಿಸಿತು?" ಅಂತಲೂ ಕೇಳಿ. ಎದ್ದು ಬಾಗಿಲ ಹಿಡಿಕೆ ಹಿಡಿದ ಮೇಲೆ ದೊಡ್ಡ ವಿಷಯ ಹೇಳುವವರು ಇರುತ್ತಾರೆ. ಜೀವದ ಪ್ರಶ್ನೆಯಾದರೆ ವಾಪಸ್ ಕೂರಿಸಿ. ಅಲ್ಲದಿದ್ದರೆ "ಹೇಳಿದ್ದು ಒಳ್ಳೆಯದಾಯಿತು, ಮುಂದಿನ ಸಲ ಅಲ್ಲಿಂದಲೇ ಶುರು ಮಾಡೋಣ" ಅನ್ನಿ.

ಅವರು ಹೋದ ಮೇಲೆ

ಟಿಪ್ಪಣಿ ಆ ದಿನವೇ ಬರೆಯಿರಿ. ಅಪಾಯದ ಬಗ್ಗೆ ಏನು ಕೇಳಿದಿರಿ, ಏನು ಉತ್ತರ ಬಂತು, ಏನು ಮಾಡಿದಿರಿ, ಯಾರಿಗೆ ತಿಳಿಸಿದಿರಿ ಎಲ್ಲ ಅದರಲ್ಲಿ ಇರಬೇಕು. 'ಇಲ್ಲ' ಅನ್ನುವ ಉತ್ತರವನ್ನೂ ಬರೆಯಬೇಕು. ಬರೆಯದಿದ್ದರೆ ಕೇಳಲೇ ಇಲ್ಲ ಅಂತ ಆಗುತ್ತದೆ.

ಆಮೇಲೆ ಒಂದು ಪುಟದಲ್ಲಿ ಸಂಗತಿಗಳನ್ನು ಜೋಡಿಸಿ ನೋಡಿ. ಈಗಿನ ತೊಂದರೆ ಏನು, ಇವರನ್ನು ಇದಕ್ಕೆ ಈಡಾಗುವಂತೆ ಮಾಡಿದ ಹಳೆಯ ಕಾರಣ ಏನು, ಈಗ ಶುರುವಾಗಲು ಕಿಡಿ ಯಾವುದು, ಮುಂದುವರಿಯುತ್ತಿರುವುದು ಯಾವುದರಿಂದ, ಇವರನ್ನು ಕಾಪಾಡುತ್ತಿರುವುದು ಏನು. ಕೊನೆಯ ಪ್ರಶ್ನೆಗೆ ಬರೆಯಲು ಏನೂ ಸಿಗದಿದ್ದರೆ ನೀವು ಬರೀ ನೋವನ್ನೇ ಕೇಳಿದ್ದೀರಿ ಅಂತ ಅರ್ಥ. ಇವರ ಬಲ ಏನು ಅಂತ ಮುಂದಿನ ಸಲ ಕೇಳಿ. ಈ ಪುಟವನ್ನೇ ಮೇಲ್ವಿಚಾರಕರ ಮುಂದೆ ಇಡಿ, ಜೊತೆಗೆ ಯಾವ ಪ್ರಶ್ನೆ ಕೇಳಲು ನಿಮಗೆ ಹಿಂಜರಿಕೆ ಆಯಿತು ಅನ್ನುವುದನ್ನೂ.

ಎರಡನೇ ಭೇಟಿಗೆ ಬರದಿದ್ದರೆ ಒಂದು ಸಣ್ಣ ಸಂದೇಶ ಕಳಿಸಿ. ಅದರಲ್ಲಿ ಥೆರಪಿಯ ವಿಷಯ ಏನೂ ಇರಬಾರದು, ಫೋನು ಬೇರೆ ಯಾರ ಕೈಯಲ್ಲಾದರೂ ಇರಬಹುದು. ಹಾಗೆ ಕಳಿಸಬಹುದಾ, ಯಾವ ನಂಬರಿಗೆ ಅಂತ ಮೊದಲ ದಿನವೇ ಕೇಳಿಟ್ಟುಕೊಂಡಿರಬೇಕು. ಸುರಕ್ಷತಾ ಯೋಜನೆ ಮಾಡಿ ಕಳಿಸಿದವರಾದರೆ ಸಂದೇಶಕ್ಕೆ ಉತ್ತರ ಬರಲಿ ಅಂತ ಕಾಯಬೇಡಿ, ಅವತ್ತೇ ಫೋನ್ ಮಾಡಿ. ಸಿಗದಿದ್ದರೆ ಮೇಲ್ವಿಚಾರಕರ ಜೊತೆ ಮಾತಾಡಿ, ಯೋಜನೆಯಲ್ಲಿ ಅವರೇ ಹೆಸರು ಕೊಟ್ಟವರನ್ನು ಸಂಪರ್ಕಿಸಿ.